ಐವತ್ತೇ ಪುಟ

"ನನ್ನನ್ನ ಕೇಳದೆ ಕುರ್ಚಿಗೆ ಯಾಕೆ ಕೈ ಹಾಕಿದ್ರಿ?" ಕೆಲಸದಿಂದ ಬಂದ ಸೊಸೆ ಬಾಗಿಲಲ್ಲೇ ನಿಂತು ಕೂಗಿದಳು. ಕಿಟಕಿಯ ಪಕ್ಕದ ಅವಳ ಕುರ್ಚಿ ಬರೀ ಚೌಕಟ್ಟಾಗಿ ಅತ್ತೆಯ ಮೊಣಕಾಲುಗಳ ನಡುವೆ ಸಿಕ್ಕಿಕೊಂಡಿತ್ತು. ಹಳೆಯ ಬೆತ್ತವೆಲ್ಲ ನೆಲದ ಮೇಲೆ ಚೂರುಚೂರಾಗಿ ಬಿದ್ದಿತ್ತು, ಹೊಸದು ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅವಳ ಗೆಳತಿಯರು ಮನೆಗೆ ಬರುವವರಿದ್ದರು.

ಅತ್ತೆ ಅವಳ ತುಟಿ ನೋಡಿಯೇ ಅಷ್ಟನ್ನು ಅರ್ಥ ಮಾಡಿಕೊಂಡರು.

"ಕೇಳೋಕೆ ನನಗೆ ಕಿವಿ ಎಲ್ಲಿದೆಯಮ್ಮ?"

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಇನ್ನು ತುಟಿಯಲ್ಲಿ ಆಡಿ ತೀರುವ ಮಾತಲ್ಲವೆಂದು ಸೊಸೆ ಚೀಲದಿಂದ ಫೋನು ತೆಗೆದಳು. ಹಿಂದೊಮ್ಮೆ ಬಂದ ಜ್ವರ ಹೋಗುವಾಗ ಅತ್ತೆಯ ಎರಡು ಕಿವಿಗಳನ್ನೂ ಒಯ್ದಿತ್ತು. ಅಂದಿನಿಂದ ಅವರು ಬಾಯಲ್ಲಿ ಆಡುತ್ತಿದ್ದರು, ಇವಳು ಟಿಪ್ಪಣಿ ಬರೆಯುವ ಆ್ಯಪಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸುತ್ತಿದ್ದಳು. ಒಂದೊಂದು ಮಾತಿಗೆ ಒಂದೊಂದು ಹೊಸ ಪುಟ. ಬಿಟ್ಟಿಯಾಗಿ ಸಿಕ್ಕಿದ್ದಕ್ಕೆ ಲೆಕ್ಕ ಇಟ್ಟವರಾರು?

ಇವತ್ತು ಹೊಸ ಪುಟ ತೆರೆಯಲಿಲ್ಲ. ಬದಲಿಗೆ ಒಂದು ಸೂಚನೆ ಬಂತು. ಹಣ ಕೊಡದೆ ಬಳಸುವವರಿಗೆ ಇನ್ನು ಮುಂದೆ ಐವತ್ತೇ ಪುಟ. ಅದಕ್ಕಿಂತ ಹೆಚ್ಚಿದ್ದರೆ ಓದಬಹುದು, ಅಳಿಸಬಹುದು. ಅಳಿಸುವವರೆಗೆ ಒಂದಕ್ಷರವನ್ನೂ ಬರೆಯುವಂತಿಲ್ಲ. ಸೊಸೆ ಹಲ್ಲು ಕಚ್ಚಿ ಹಳೆಯ ಪುಟಗಳನ್ನು ಒಂದೊಂದಾಗಿ ತೆರೆದು ಅಳಿಸತೊಡಗಿದಳು. ಅತ್ತೆ ಬೈಗುಳಕ್ಕಾಗಿ ಕತ್ತೆತ್ತಿಕೊಂಡು ಕಾದರು. ಕಾದು ಕಾದು ಸಾಕಾಯಿತು.

"ಏನು, ಇಷ್ಟುದ್ದ ಬರೀತಾ ಇದೀಯಾ? ಕೊಡು ಇಲ್ಲಿ, ಬರೆದಷ್ಟು ಓದ್ತೀನಿ."

ಸೊಸೆ ಪಕ್ಕದಲ್ಲಿ ಕುಕ್ಕರಿಸಿ ಸೂಚನೆಯನ್ನು ತೋರಿಸಿದಳು. ಅತ್ತೆ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಅಯ್ಯೋ, ಬೈಯೋಕೂ ರೇಷನ್ನಾ!" ಎಂದು ಅವಳ ಕೈಯಿಂದ ಫೋನು ತೆಗೆದುಕೊಂಡು ಪುಟಗಳನ್ನು ಸರಿಸುತ್ತಾ ಹೋದರು.

'ಅತ್ತೆ, ಹಾಲು ಉಕ್ಕುತ್ತಿದೆ!!'

"ಇದನ್ನ ನೀನು ಬರೆದು ಮುಗಿಸೋ ಹೊತ್ತಿಗೆ ಹಾಲು ಒಲೆ ಇಳಿದು ನೆಲಕ್ಕೆ ಬಂದಿತ್ತು."

'ಪಕ್ಕದ ಮನೆಯವರು ಬೈಯುತ್ತಿರುವುದು ನಿಮ್ಮನ್ನಲ್ಲ, ಅವರ ಗಂಡನನ್ನು. ಕಿಟಕಿ ಹಾಕಬೇಡಿ, ನಾನು ಕೇಳುತ್ತಿದ್ದೇನೆ.'

'ನಿಮ್ಮ ಮಗ ರಾತ್ರಿಯೆಲ್ಲ ಗೊರಕೆ ಹೊಡೆದರು. ನೀವೇ ಪುಣ್ಯವಂತರು.'

ಅತ್ತೆ ಹೊಟ್ಟೆ ಕುಲುಕುವಂತೆ ನಕ್ಕರು. ಸೊಸೆಯ ಮುಖದ ಬಿಗಿ ಸಡಿಲಿತು. ಆಮೇಲೆ ಬಂದ ಪುಟಗಳು ಹಾಗಿರಲಿಲ್ಲ. 'ನನ್ನ ಅಡುಗೆ ಹಿಡಿಸದಿದ್ದರೆ ನೀವೇ ಮಾಡಿಕೊಳ್ಳಿ.' 'ನಾನು ತವರಿಗೆ ಹೋಗುತ್ತೇನೆ, ನಿಮ್ಮ ಮಗನನ್ನು ನೀವೇ ಇಟ್ಟುಕೊಳ್ಳಿ.' 'ಎಲ್ಲಾ ನಿಮ್ಮ ಇಷ್ಟದಂತೆಯೇ ಆಗಬೇಕಾ?' ಸೊಸೆ ನಾಚಿ ಫೋನು ಕಸಿದುಕೊಂಡಳು. ಇನ್ನೊಂದಷ್ಟು ಅಳಿಸಿದ ಮೇಲೆ ಜಾಗವಾಯಿತು. ಹೊಸ ಪುಟ ತೆರೆದು ಬರೆದಳು:

'ಇದನ್ನು ಯಾರಾದರೂ ಓದಿದರೆ ನಾನೊಬ್ಬಳೇ ಜಗಳಗಂಟಿ ಅಂದುಕೊಳ್ಳುತ್ತಾರೆ.'

"ಅಂದುಕೊಳ್ಳದೆ ಇನ್ನೇನು? ನಾನು ಇದಕ್ಕಿಂತ ಖಾರವಾಗಿ ಆಡಿದ್ದೆ. ನಂದೆಲ್ಲ ಗಾಳಿ ತಗೊಂಡು ಹೋಯ್ತು, ನಿಂದು ಮಾತ್ರ ಇಲ್ಲಿ ಕೂತಿದೆ. ಇದ್ಯಾವ ನ್ಯಾಯ? ಎಲ್ಲಾ ಅಳಿಸಿಬಿಡು. ಆಡಿದ ಮಾತು ಹೋಗಬೇಕಮ್ಮ, ಕೂರಬಾರದು."

ಇಬ್ಬರೂ ಕೂಡಿ ಅಳಿಸಿದರು. ಸೊಸೆ ಒತ್ತುತ್ತಿದ್ದಳು, ಅತ್ತೆ "ಹೂಂ, ಹೂಂ" ಎನ್ನುತ್ತಾ ಇನ್ನೊಂದು ಕಡೆ ಬೆತ್ತದ ಎಳೆಯನ್ನು ಚೌಕಟ್ಟಿನ ತೂತಿಗೆ ಪೋಣಿಸುತ್ತಿದ್ದರು. ಎಲ್ಲಕ್ಕೂ ಕೆಳಗೆ, ಮೊಟ್ಟಮೊದಲ ಪುಟದಲ್ಲಿ ಸೊಸೆಯ ಬೆರಳು ನಿಂತಿತು. ಆಸ್ಪತ್ರೆಯ ಮಂಚದ ಮೇಲೆ ಅತ್ತೆ ಯಾರ ದನಿಯೂ ಕೇಳಿಸದೆ ದಿಕ್ಕೆಟ್ಟು ಅಳುತ್ತಿದ್ದಾಗ ಬರೆದದ್ದು. 'ಹೆದರಬೇಡಿ ಅತ್ತೆ, ನಾನಿದ್ದೀನಿ.'

ಇದೊಂದು ಇರಲಿ ಎಂದು ಸೊಸೆ ತಲೆಯಾಡಿಸಿದಳು.

"ಅದನ್ನೂ ಅಳಿಸು" ಎಂದರು ಅತ್ತೆ, ಪುಟದಿಂದ ಕಣ್ಣನ್ನು ಮತ್ತೆ ಹೆಣಿಗೆಗೆ ಹೊರಳಿಸುತ್ತಾ. "ನೀನೇ ಇದ್ದೀಯಲ್ಲ."

ಸೊಸೆ ಅಳಿಸಿದಳು. ಆಮೇಲೆ ಅತ್ತೆ ಚಾಚಿದ ಎಳೆಯ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ಹಳೆಯ ಬೆತ್ತ ಸಿಬಿರೆದ್ದು ಅವಳ ಬಟ್ಟೆಗಳನ್ನೆಲ್ಲ ಹರಿಯುತ್ತಿತ್ತೆಂದು ಅತ್ತೆ ಈಗ ಹೇಳಿದರು. ಮೊದಲೇ ಹೇಳಬಾರದಿತ್ತೇ ಎಂದು ಸೊಸೆ ಬರೆಯಲಿಲ್ಲ.

ಅಷ್ಟರಲ್ಲಿ ಮಗ ಬಂದ, ಮುಖ ಕೆಂಪಾಗಿತ್ತು. ಅವನಿಗೂ ಅದೇ ಆ್ಯಪು, ಅದೇ ಕಾಟ. "ಸಾವಿರಾರು ಜನ ಒಂದೊಂದೇ ನಕ್ಷತ್ರ ಕೊಟ್ಟು ಉಗೀತಾ ಇದಾರೆ. ಮೊದಲು ಪುಕ್ಕಟೆ ಕೊಟ್ಟು ಅಭ್ಯಾಸ ಮಾಡಿಸೋದು, ಆಮೇಲೆ ಕುತ್ತಿಗೆ ಹಿಡಿಯೋದು! ನಾನು ಅರ್ಧ ಪುಟ ಬರೆದು ಹಾಕಿದೀನಿ. ನಿಮ್ಮ ಫೋನಿಂದಲೂ ಹಾಕಿ, ಅಮ್ಮನ ಕಷ್ಟ ಅವರಿಗೂ ಗೊತ್ತಾಗಲಿ." ಅವನೇ ಹೆಂಡತಿಯ ಫೋನಿನಲ್ಲಿ ನಕ್ಷತ್ರ ಕೊಡುವ ಜಾಗ ತೆರೆದು ಅದನ್ನು ಅಮ್ಮನ ಮುಂದೆ ಹಿಡಿದ.

ಅವನ ತುಟಿಯನ್ನೇ ನೋಡುತ್ತಿದ್ದ ಅತ್ತೆ ಒದ್ದೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಕೊನೆಯ ನಕ್ಷತ್ರವನ್ನು ಒತ್ತಿದರು. ಐದೂ ಹೊತ್ತಿಕೊಂಡವು. ಮಗ ಹಣೆ ಚಚ್ಚಿಕೊಂಡ. ಕಾರಣವೇನೆಂದು ಆ್ಯಪು ಕೇಳಿತ್ತು. ಅತ್ತೆ ಹೇಳಿದ್ದನ್ನು ಸೊಸೆ, ನಗು ತಡೆಯುತ್ತಾ, ಒಂದಕ್ಷರ ಬಿಡದೆ ಬರೆದಳು:

'ಜಾಗ ಸಾಲದೆ ಜಗಳ ನಿಂತಿತು. ಇನ್ನೂ ಕಡಿಮೆ ಮಾಡಿದರೂ ನಮ್ಮದೇನೂ ಅಡ್ಡಿಯಿಲ್ಲ.'