ಕುದಿಯುವ ನೀರಿನ ಮೇಲೆ ಆಣೆ

ದೇವದಾಸ ಕಾಫಿ ಕುಡಿಯುತ್ತಿದ್ದುದನ್ನು ನೋಡಿ ವೈಕುಂಠ ಹಲ್ಲು ಕಚ್ಚಿದ. ಫ್ಲಾಸ್ಕಿನಿಂದ ಬಗ್ಗಿಸಿ ಮೊದಲ ಲೋಟವನ್ನು ಅವನಿಗೇ ಕೊಟ್ಟವಳು ವೈಕುಂಠನ ಹೆಂಡತಿ ಪ್ರಫುಲ್ಲಾ.

ಮಂಗಳೂರು ಕಡೆಯವಳಿಗೆ ಇಷ್ಟೂ ತಿಳಿಯದೆ? ಇಬ್ಬರ ನಡುವೆ ಆಣೆಯ ಮಾತು ಬಿದ್ದ ಮೇಲೆ, ಅದು ತೀರುವ ತನಕ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟಬಾರದು. ತಮ್ಮ ಸತ್ತ ಸುದ್ದಿ ಬಂದ ದಿನವೇ ವೈಕುಂಠ ಬೆರ್ರಿಯೆಸಾ ಬಡಾವಣೆಯಲ್ಲಿದ್ದ ದೇವದಾಸನ ದಿನಸಿ ಅಂಗಡಿಗೆ ಹೋಗಿ, ಗಿರಾಕಿಗಳ ಎದುರಿಗೇ ಆಣೆಗೆ ಕರೆದಿದ್ದ. ದೇವದಾಸ ತಲೆ ಎತ್ತದೆ ತೆಂಗಿನಕಾಯಿ ಜೋಡಿಸುತ್ತ ಕುಳಿತಿದ್ದ. ಮೌನಂ ಸಮ್ಮತಿ ಲಕ್ಷಣಂ ಎಂದರೆ ಇದೇ ತಾನೆ?

ಅಲ್ಲಿಂದ ವರ್ಷ ಕಳೆದಿತ್ತು. ಮೊನ್ನೆ ವೈಕುಂಠನೇ ಫೋನು ಮಾಡಿ, 'ಹಳೆಯದೆಲ್ಲ ಮರೆಯುವ ದೇವಣ್ಣ, ಲ್ಯಾಸೆನ್ ಬೆಟ್ಟದಲ್ಲಿ ಸೂರ್ಯೋದಯ ನೋಡಿ ಬರುವ' ಎಂದ. ದೇವದಾಸ ಸಂತೋಷದಿಂದ ಒಪ್ಪಿಬಿಟ್ಟ. ಪಾಪ, ಅಷ್ಟು ಸುಲಭವೆಂದುಕೊಂಡ.

ಕಾಫಿ ಮುಗಿದ ಮೇಲೆ, ಬೆಟ್ಟದ ಬಿಸಿನೀರಿನ ಹೊಂಡಗಳ ದಾರಿಯಲ್ಲಿ ಗೈಡ್ ಹುಡುಗಿ ಟಾರ್ಚು ಹಿಡಿದು ಮುಂದೆ ನಡೆದಳು. ಹಲಗೆಯ ದಾರಿ ಬಿಟ್ಟು ಕಾಲಿಡಬೇಡಿ, ನೆಲ ಗಟ್ಟಿಯಾಗಿ ಕಾಣುತ್ತದೆ, ಅದರಡಿ ನೀರು ಕುದಿಯುತ್ತಿದೆ ಎಂದು ಎಲ್ಲರಿಗೂ ಎಚ್ಚರಿಕೆ ಹೇಳಿದಳು. ಆ ಮಾತು ವೈಕುಂಠನಿಗೆ ಬಹಳ ಹಿಡಿಸಿತು.

ಎಂಟು ಸಾವಿರ ಅಡಿ ಎತ್ತರದ ಗಾಳಿಗೆ ದೇವದಾಸ ಏದುಸಿರು ಬಿಡುತ್ತಿದ್ದ. ಸುತ್ತ ಗಂಧಕದ ನಾತ. ಕಪ್ಪು ಹೊಂಡಗಳು ಗಂಜಿಯ ಹಾಗೆ ಕೊತಕೊತ ಕುದಿಯುತ್ತಿದ್ದವು.

"ಬೆಳಗಾಗುವಾಗ ಹಬೆ ಜಾಸ್ತಿ ಕಾಣ್ತದಂತೆ. ತಂಪು ಉಂಟಲ್ಲ," ಎಂದ ದೇವದಾಸ.

"ಕಾಣ್ತದೆ. ಎಲ್ಲ ಕಾಣ್ತದೆ," ಎಂದ ವೈಕುಂಠ.

ವೈಕುಂಠನ ತಮ್ಮ ಜಯರಾಮ್ ಪ್ರವಾಸದ ವೀಸಾದಲ್ಲಿ ಈ ದೇಶಕ್ಕೆ ಬಂದು, ಅವಧಿ ಮೀರಿ ಉಳಿದುಬಿಟ್ಟವನು. ಅಣ್ಣನ ಮನೆಯಲ್ಲಿ ಊಟ, ದೇವದಾಸನ ಅಂಗಡಿಯಲ್ಲಿ ಕೆಲಸ. ಒಂದು ದಿನ ದೇವದಾಸ ಅವನನ್ನು ಕುತ್ತಿಗೆ ಹಿಡಿದು ಹೊರಗೆ ಹಾಕಿದ. ಕಾರಣ ಕೇಳಿದರೆ, 'ನನಗೆ ಅವ ಬೇಡ' ಎಂದಷ್ಟೇ ಹೇಳಿದ. ಹುಡುಗ ಗಿಲ್‌ರಾಯ್‌ನ ಬೆಳ್ಳುಳ್ಳಿ ಹೊಲಕ್ಕೆ ಕೂಲಿಗೆ ಹೋಗತೊಡಗಿದ. ಕೆಲವೇ ವಾರಗಳಲ್ಲಿ ಇಮಿಗ್ರೇಷನ್‌ನವರು ಮನೆ ಬಾಗಿಲಿಗೇ ಬಂದರು. ಕೈಕೋಳ ಹಾಕುತ್ತ ಒಬ್ಬ ಅಧಿಕಾರಿ ಬಾಯಿಬಿಟ್ಟಿದ್ದ: ನಿಮ್ಮವರದೇ ದಿನಸಿ ಅಂಗಡಿಯಿಂದ ಫೋನು ಬಂದಿತ್ತು.

ಇನ್ನೊಂದು ವರ್ಷ ಉಳಿದಿದ್ದರೆ ಹೊಸ ಕಾನೂನಿನಡಿ ಹೊಲದ ಕೂಲಿಗಳಿಗೆಲ್ಲ ಸಿಕ್ಕ ಹಾಗೆ ಅವನಿಗೂ ಇಲ್ಲೇ ನೆಲೆಸುವ ಕಾಗದಪತ್ರ ಸಿಗುತ್ತಿತ್ತು. ಊರಿಗೆ ಮರಳಿದವನು ಕುಡಿದು ಕುಡಿದು ಸತ್ತ. ಒಂದು ಫೋನು ಅವನ ಜೀವ ತೆಗೆಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಆಣೆ ಮಾಡುವ ದೈವದ ಗುಡಿ ಸಮುದ್ರದಾಚೆ ಇರಬಹುದು, ಭೂಮಿಯೊಳಗಿನ ಬೆಂಕಿ ಎಲ್ಲ ಕಡೆಯೂ ಒಂದೇ ಎಂದು ವೈಕುಂಠ ತೀರ್ಮಾನಿಸಿದ್ದ.

ಪ್ರಫುಲ್ಲಾಳದೂ ಅದೇ ಸಂಕಟ ಎಂದು ಅವನ ನಂಬಿಕೆ. ವೈಕುಂಠ ಮೌಂಟನ್ ವ್ಯೂನ ಚಿಪ್ ಕಾರ್ಖಾನೆಗೆ ಸಂಜೆ ಹೊರಟರೆ ಬರುವುದು ಬೆಳಗ್ಗೆ. ಮನೆಯಲ್ಲಿ ಬೇಸರವೆಂದು ಅವಳು ಅಂಗಡಿ ಮುಚ್ಚುವವರೆಗೂ ದೇವದಾಸನ ಕೌಂಟರಿನಲ್ಲಿ ಕೂರುತ್ತಿದ್ದಳು. ಜಯರಾಮನನ್ನು ಹಿಡಿದೊಯ್ದ ವಾರವೇ ಆ ಕೆಲಸ ಬಿಟ್ಟಳು. ದ್ರೋಹಿಯ ಅಂಗಡಿಗೆ ಯಾರು ಕಾಲಿಡುತ್ತಾರೆ? ಸತ್ತವನ ಹೆಸರೆತ್ತಿದರೆ ಇಂದಿಗೂ ಅವಳ ಮುಖ ಕಲ್ಲಾಗುತ್ತಿತ್ತು. ಇವತ್ತಿನ ಆಣೆಯ ವಿಚಾರ ಹೇಳಿದಾಗ "ನಾನೂ ಬರ್ತೇನೆ," ಎಂದಿದ್ದಳು. ಅವಳಿಗೂ ಕಣ್ಣಾರೆ ನೋಡಬೇಕೆಂಬ ಆಸೆ ಇದ್ದೀತು.

ಪೂರ್ವದ ಶಿಖರ ಕೆಂಪಾಯಿತು. ಪ್ರವಾಸಿಗರು ಕ್ಯಾಮೆರಾ ಎತ್ತಿಕೊಂಡು ಗೈಡ್ ಹಿಂದೆ ಓಡಿದರು. ತಿರುವಿನ ಮರದ ಕಟಕಟೆಯ ಬಳಿ ವೈಕುಂಠ ದೇವದಾಸನ ತೋಳು ಹಿಡಿದು ನಿಲ್ಲಿಸಿದ. ಕೆಳಗಿನ ಹೊಂಡದಿಂದ ಹಬೆ ಬುಸುಗುಟ್ಟುತ್ತ ಏಳುತ್ತಿತ್ತು.

"ಆ ಹಬೆಗೆ ಕೈ ಹಿಡಿದು ಹೇಳಿ ದೇವಣ್ಣ. ಫೋನು ಮಾಡಿದ್ದು ನಾನಲ್ಲ ಅಂತ. ಅಷ್ಟು ಸಾಕು ನನಗೆ."

ದೇವದಾಸನ ಮುಖ ಬಾಡಿತು. "ಇದಕ್ಕಾ ನೀನು ನನ್ನನ್ನು ಕರ್ಕೊಂಡು ಬಂದದ್ದು?"

"ಇದಕ್ಕೇ."

"ಬೇಡ ಮಾರಾಯ. ಆಣೆಗೆ ನಿಂತ್ರೆ ಪೂರ್ತಿ ಸತ್ಯ ಹೇಳ್ಬೇಕಾಗ್ತದೆ. ಅದು ನನ್ನಿಂದ ಆಗುದಿಲ್ಲ."

ಇನ್ನೇನು ಬೇಕು? ವೈಕುಂಠ ಅವನ ಕೊರಳಪಟ್ಟಿ ಹಿಡಿದು ಕಟಕಟೆಗೆ ಒತ್ತಿದ. "ನನ್ನ ತಮ್ಮನನ್ನು ಕೊಂದವ ನೀನು! ನಿನ್ನನ್ನು ಇಲ್ಲೇ ಬೇಯಿಸ್ತೇನೆ!" ಹಳೆಯ ಮರ ಲಟಕ್ಕೆಂದಿತು. ದೇವದಾಸನ ಅರ್ಧ ಮೈ ಹೊಂಡದ ಮೇಲೆ ವಾಲಿತು. ಅವನು ಕೂಗಲಿಲ್ಲ, ಕೈ ಎತ್ತಲಿಲ್ಲ, ವೈಕುಂಠನ ಹೆಗಲಾಚೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದ. ಇಷ್ಟು ದಿನ ಕಾದದ್ದೂ ಸಾರ್ಥಕವಾಯಿತು ಎಂದು ವೈಕುಂಠನ ಜೀವ ಹಿಗ್ಗಿತು. ಇನ್ನೊಂದು ನೂಕು ಸಾಕಿತ್ತು.

"ಅವರನ್ನು ಬಿಡಿ," ಎಂದಳು ಪ್ರಫುಲ್ಲಾ.

ಅವಳು ಪಕ್ಕಕ್ಕೆ ಬಂದು ನಿಂತಿದ್ದಳು. ಬಳೆಗಳನ್ನು ಮೊಣಕೈಯತ್ತ ಸರಿಸಿ, ಬಲಗೈಯನ್ನು ಕಟಕಟೆಯಾಚೆ ಚಾಚಿ, ಹಬೆಯೊಳಗೆ ಹಿಡಿದಳು. ಚರ್ಮ ಕೆಂಪೇರಿತು. ಕೈ ಹಿಂದೆ ಬರಲಿಲ್ಲ.

"ಅಂಗಡಿಯಿಂದ ಆ ಫೋನು ಮಾಡಿದವಳು ನಾನು," ಎಂದಳು, "ನೀವು ನೈಟ್ ಶಿಫ್ಟಿನಲ್ಲಿದ್ದಾಗ ನಿಮ್ಮ ತಮ್ಮ ನನ್ನ ಕೋಣೆಗೆ ನುಗ್ಗಿದ ಮಾರನೇ ದಿನ."