ಮುಕ್ಕಾಲು ಗಂಟೆಯ ಪಿಜ್ಜಾ

"ಅಮ್ಮಾ ತಾಯಿ, ಕೈ ನಿಲ್ಸಿ! ಎಲ್ಲಾ ತಲೆಕೆಳಗು ಮಾಡ್ತಿದೀರಲ್ಲ!" ಪಿಜ್ಜಾ ಅಂಗಡಿಯ ಯಜಮಾನ ಹೌಹಾರಿ ಬಂದ. ಅಡುಗೆ ಕೆಲಸ ಕೇಳಿಕೊಂಡು ಬಂದ ಹೆಂಗಸು ತಾನೇ ತಂದಿದ್ದ ಎತ್ತರದ ಅಂಚಿನ ತಟ್ಟೆಗೆ ಹಿಟ್ಟು ಹಾಸಿ, ಮೊದಲು ಚೀಸು ತುಂಬಿ, ಅದರ ಮೇಲೆ ಟೊಮ್ಯಾಟೊ ಸಾಸು ಸುರಿಯುತ್ತಿದ್ದಳು.

"ನಮ್ಮೂರಲ್ಲಿ ಹೀಗೇ ಅಣ್ಣಾ. ನಿಮ್ಮದು ಕಾಗದದ ಹಾಗೆ ತೆಳ್ಳಗೆ, ಮೂರೇ ನಿಮಿಷಕ್ಕೆ ಬೇಯುತ್ತೆ. ನಂದಕ್ಕೆ ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ಚೀಸು ಮೇಲಿದ್ರೆ ಸುಟ್ಟು ಕರಕಲಾಗುತ್ತೆ. ಸಾಸು ಅದಕ್ಕೆ ಕೊಡೆ ಇದ್ದ ಹಾಗೆ."

"ಮುಕ್ಕಾಲು ಗಂಟೇನಾ!" ಬಾಗಿಲಲ್ಲಿ ನಿಂತು, ಪಿಜ್ಜಾ ಮಡಚಿ ಬಾಯಿಗಿಡುತ್ತಿದ್ದ ಟ್ಯಾಕ್ಸಿ ಡ್ರೈವರ್ ನಕ್ಕ. "ಅಷ್ಟರಲ್ಲಿ ನಾನು ಏರ್‌ಪೋರ್ಟಿಗೆ ಹೋಗಿ ಬಂದಿರ್ತೀನಿ."

"ಹೋಗ್ಬಿಟ್ಟು ಬನ್ನಿ. ಬಿಸಿಬಿಸಿ ಸಿಗುತ್ತೆ."

ಅವತ್ತು ಅವಳು ಹತ್ತಿದ ಮೂರನೇ ಅಂಗಡಿ ಅದು. ಮೊದಲೆರಡರಲ್ಲಿ ಆ ತಟ್ಟೆ ನೋಡಿಯೇ ಬೇಡ ಅಂದಿದ್ದರು. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಹತ್ತು ನಿಮಿಷಕ್ಕೇ ಯಜಮಾನನ ಕೈ ಓವನ್ ಬಾಗಿಲಿಗೆ ಹೋಯಿತು. ಅವಳು ಬಟ್ಟೆಯಿಂದ ಫಟ್ಟನೆ ಬಾರಿಸಿದಳು. "ಮುಟ್ಟಬೇಡಿ!" ಹದಿನೆಂಟು ವರ್ಷದಲ್ಲಿ ಅವನ ಅಂಗಡಿಯಲ್ಲೇ ಅವನನ್ನು ಗದರಿದವರಿಲ್ಲ. ಪಾಪ, ಕೈ ಜೇಬಿಗಿಳಿಸಿ ನಿಂತ. ಅವಳು ಗೋಡೆಯಿಂದ ಗೋಡೆಗೆ ಒಂದೊಂದೇ ಹೆಜ್ಜೆ ಇಡುತ್ತ ಓಡಾಡತೊಡಗಿದಳು. ಇವಳಿಗೂ ಒಳಗೊಳಗೇ ಪುಕಪುಕ, ಅಂದುಕೊಂಡ ಅವನು.

ಡ್ರೈವರ್ ವಾಪಸು ಬರುವುದಕ್ಕೂ ಪಿಜ್ಜಾ ಹೊರಬರುವುದಕ್ಕೂ ಸರಿಹೋಯಿತು. ಯಜಮಾನ ಒಂದು ತುಂಡು ಎತ್ತಿ, ಅಭ್ಯಾಸಬಲದಿಂದ ಮಡಚಲು ಹೋದ. ಸಾಸೆಲ್ಲ ಜಾರಿ ಎದೆಗೆ ಬಿತ್ತು.

"ಮೊದಲು ಷರಟಿಗೆ ಬಡಿಸಿದ್ರಾ ಅಣ್ಣಾ?" ಅಂದ ಡ್ರೈವರ್.

"ಇದು ಮಡಚೋದಲ್ಲ," ಅವಳು ಫೋರ್ಕ್ ಕೊಟ್ಟಳು. "ಕೂತ್ಕೊಂಡು ತಿನ್ನಬೇಕು."

ಕೂರುವುದೆಲ್ಲಿ? ಅಂಗಡಿಯಲ್ಲಿ ಒಂದೇ ಒಂದು ಕುರ್ಚಿಯಿಲ್ಲ. ನಿಂತು ತಿಂದು, ಕೈ ಒರೆಸಿ, ಹೊರಡುವವರ ಜಾಗ ಅದು. ಯಜಮಾನ ಹಿಟ್ಟಿನ ಮೂಟೆಯ ಮೇಲೆ ಕೂತ. ಪಿಜ್ಜಾದ ಅಂಚು ಹಲ್ಲಿಗೆ ಕರುಮ್ ಅಂತು. ಅವನು ಇನ್ನೊಂದು ತುಂಡಿಗೆ ಕೈ ಚಾಚಿದ. ಡ್ರೈವರ್ ತಾನೂ ಒಂದು ಮೂಟೆ ಎಳೆದುಕೊಂಡ. ಹೊರಗೆ ಯಾರೋ ಟ್ಯಾಕ್ಸಿಗಾಗಿ ಕೂಗಿದರು, ಅವನು ಏಳಲಿಲ್ಲ.

ತಟ್ಟೆ ಅರ್ಧ ಖಾಲಿಯಾದ ಮೇಲೆ ಯಜಮಾನ ತಲೆಯೆತ್ತದೆ ಕೇಳಿದ: "ಇಲ್ಲಿ ಎಷ್ಟು ಕುರ್ಚಿ ಹಿಡಿಸಬಹುದು ಅಂತೀರಾ?"

ಅವಳು ಗೂಟದಲ್ಲಿದ್ದ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡಳು.

"ಎಂಟು. ಆಗಲೇ ಹೆಜ್ಜೆ ಹಾಕಿ ಅಳೆದಿದೀನಿ."