ಪೋನಿಗೆ ಅವ್ವ ಹಾಕಿದ ಜಡೆ

ಕುದುರೆಯ ಜೀನಿನ ಚರ್ಮಕ್ಕೆ ಹಚ್ಚುವ ಎಣ್ಣೆಯ ವಾಸನೆ ಬಂದರೆ ಈಗಲೂ ಲಿಂಗಂಪಲ್ಲಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಅಲ್ಲಿನ ಸವಾರಿ ಶಾಲೆಯಲ್ಲಿ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದರು. ಸುತ್ತ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಮರುದಿನ ನನ್ನ ಮೊದಲ ಸ್ಪರ್ಧೆ. ಪೋನಿ ಎಂಬ ಗಿಡ್ಡ ಜಾತಿಯ ಕುದುರೆಯ ಮೇಲೆ ಕೂತು, ಹೊಲದ ಬೇಲಿಯಂಥ ತಡೆಗಳ ಮೇಲಿಂದ ಅದನ್ನು ಹಾರಿಸಬೇಕಿತ್ತು. ಪೋನಿಯ ಅಂದಕ್ಕೂ ಅಂಕವಿತ್ತು. ಅದರ ಕುತ್ತಿಗೆಯ ಕೂದಲಿಗೆ ಅಪ್ಪ ಹಾಕಿದ ಜಡೆಗಳು ಮತ್ತೆ ಮತ್ತೆ ಬಿಚ್ಚಿಹೋಗುತ್ತಿದ್ದವು.

ಬುತ್ತಿ ತಂದಿದ್ದ ಅವ್ವ ಕುದುರೆಯೆಂದರೆ ಮಾರು ದೂರ ನಿಲ್ಲುವವಳು. ಅವತ್ತು ಮಾತ್ರ, "ಸರೀರಿ, ನಾ ಹೆಣೀತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಬಂದಳು.

"ಕಚ್ಚೂದಿಲ್ಲ ಹೌದಿಲ್ಲೋ?"

"ಇಲ್ಲವ್ವಾ, ಭಾಳ ಶಾಣ್ಯಾ ಐತಿ" ಎಂದೆ.

ಅವ್ವ ಬಿಗಿಯಾಗಿ ಹೆಣೆದಳು. ಆಮೇಲೆ ಅದರ ಎದೆಯ ಮೇಲೆ ಅಂಗೈ ಇಟ್ಟಳು. "ಇದಕ್ಕೂ ಅಂಜಿಕಿ ಐತಿ. ಎದಿ ಹೊಡಕೊಳ್ಳಾಕತ್ತೈತಿ ನೋಡು."

ಮರುದಿನ ಮೂರನೆಯ ತಡೆಯ ಮುಂದೆ ಪೋನಿ ನಿಂತುಬಿಟ್ಟಿತು. ಮನೆಯ ಹೊರಗೆ ಯಾವತ್ತೂ ದನಿ ಎತ್ತದ ಅವ್ವ, ಇಂಗ್ಲಿಷ್ ಮಾತಾಡುವ ಆ ಜನರ ನಡುವೆ ಎದ್ದು ನಿಂತು, "ಅಂಜಬ್ಯಾಡ್ರವ್ವಾ, ಹಾರ್‍ರಿ!" ಎಂದು ನಮ್ಮಿಬ್ಬರಿಗೂ ಸೇರಿಸಿ ಕೂಗಿದಳು. ನಾನು ಪೋನಿಯನ್ನು ಹಿಂದಕ್ಕೆ ತಿರುಗಿಸಿ ಮತ್ತೆ ತಡೆಯತ್ತ ಓಡಿಸಿದೆ, ಅದು ಹಾರಿತು.

ಎಲ್ಲರೂ ಅವಳತ್ತ ತಿರುಗಿ ನೋಡಿದರು. ನಾಚಿಕೆಯಿಂದ ನಾನೊಬ್ಬಳೇ ನೋಡಲಿಲ್ಲ.